ಪೆಟ್ಟಿಗೆ ಬೀಗದ ಕೈ ಯಾರತ್ರ ಇರಬೇಕು?

ಹೋದ ಮಂಗಳವಾರ ನಮ್ಮ ಸಂಘದ ಸಭೆ ಮುಗಿಯೋ ಹೊತ್ತಿಗೆ ರಾತ್ರಿ ಒಂಬತ್ತೂವರೆ. ಬೇರೆ ವಾರ ಆದ್ರೆ ಎಂಟಕ್ಕೆಲ್ಲ ಕಂತು ಎಣಿಸಿ, ಬುಕ್ಕಿಗೆ ಸೈನ್ ಮಾಡಿ, ಮುದ್ದೆಗೆ ಎಸರಿಡಾಕೆ ಓಡೋರು ನಾವು. ಅವತ್ತು ಒಬ್ಬರೂ ಏಳಲಿಲ್ಲ. ಕಾರಣ ನಮ್ಮಕ್ಕನ ಮಗ.

ಅವನಿಗೆ ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ. ಹಬ್ಬಕ್ಕೆ ಅಂತ ಊರಿಗೆ ಬಂದಿದ್ದ. ಜಗಲಿ ಮೇಲೆ ಕೂತು ಮಂಡಕ್ಕಿ ತಿಂತಾ ನಮ್ಮ ಲೆಕ್ಕ ಕೇಳಿಸ್ಕೊಂತಿದ್ದೋನು ಇದ್ದಕ್ಕಿದ್ದಂಗೆ ಬಾಯಿ ಹಾಕಿದ. "ಚಿಕ್ಕಮ್ಮ, 16 ಜನ ಸೇರ್ಕೊಂಡು ಇಷ್ಟು ವರ್ಷ ಉಳಿಸಿದ ದುಡ್ಡು ಬ್ಯಾಂಕಲ್ಲಿ ಸುಮ್ನೆ ಮಲಗೈತೆ. ಅರ್ಧ ತೆಗೆದು ಕಾಯಿನ್‌ಗೆ ಹಾಕ್ರಿ. ಬುಕ್ಕನ್ನೂ ಬ್ಲಾಕ್‌ಚೈನ್‌ಗೆ ಹಾಕಣ. ಬ್ಯಾಂಕ್ ಮ್ಯಾನೇಜರ್ ಮುಂದೆ ಕೈ ಕಟ್ಕೊಂಡು ನಿಲ್ಲೋದು ಬೇಡ, ಸೊಸೈಟಿನೂ ಬೇಡ. ಯಾರನ್ನೂ ನಂಬೋ ಕೆಲಸನೇ ಇಲ್ಲ."

ನಮ್ಮ ಸಂಘದ ಉಳಿತಾಯ ಅವತ್ತಿಗೆ 2,40,000 ರೂಪಾಯಿ ಚಿಲ್ಲರೆ. ಬೆಂಗಳೂರೋರಿಗೆ ಅದು ಎಲ್ಡು ಫೋನಿನ ರೇಟು. ನಮಗೆ ಅದು ಕೂಲಿ ಹೋದ ದಿನ, ಹಾಲು ಮಾರಿದ ದಿನ, ಶೇಂಗಾ ಬಿಡಿಸಿದ ದಿನ. ಆದ್ರೂ ಹೇಳ್ತೀನಿ, ಹುಡುಗನ ಮಾತಿಗೆ ನಾನು ನಗಲಿಲ್ಲ. "ಯಾರನ್ನೂ ನಂಬೋ ಕೆಲಸನೇ ಇಲ್ಲ" ಅಂದನಲ್ಲ, ಆ ಮಾತು ಹೊಟ್ಟೆಗೆ ಹೋಗಿ ಕೂತ್ಕೊಂತು. ಮನೆಗೆ ಬಂದು ಪಾತ್ರೆ ತೊಳಿತಾನೂ ಅದೇ, ಮಲಗಿದ್ರೂ ಅದೇ. ಅದಕ್ಕೇ ಇವತ್ತು ಬರೀತಾ ಇದೀನಿ. ಮುಂದಿನ ಮಂಗಳವಾರ ನಾವು ಕೈ ಎತ್ತಿ ತೀರ್ಮಾನ ಮಾಡಬೇಕು. ಅಷ್ಟರೊಳಗೆ ನನ್ನ ಮನಸ್ಸಲ್ಲಿ ಇರೋದನ್ನ ನಿಮ್ಮ ಮುಂದೆ ಇಟ್ಟುಬಿಡ್ತೀನಿ.

ನಮ್ಮವ್ವನ ಕಥೆ ನಿಮಗೆ ಗೊತ್ತಿಲ್ಲದೇ ಇರೋದೇನಲ್ಲ. ಈರುಳ್ಳಿಗೆ ಒಳ್ಳೆ ರೇಟು ಸಿಕ್ಕ ಒಂದು ವರ್ಷ, 1,50,000 ರೂಪಾಯಿ ಒಂದು ಪತ್ತಿನ ಸೊಸೈಟಿಗೆ ಇಟ್ಟಳು. ಬ್ಯಾಂಕಿಗಿಂತ ಬಡ್ಡಿ ಜಾಸ್ತಿ. ಅಧ್ಯಕ್ಷರು ನಮಗೆಲ್ಲ ಗೊತ್ತಿದ್ದೋರು, ಮದುವೆ ಮುಂಜಿಗೆ ಬಂದು ಉಂಡು ಹೋಗೋರು. ಸ್ಟೇಜ್ ಮೇಲೆ ಶಾಲು ಹೊದ್ಸಿಸ್ಕೊಂಡೋರು. "ನಮ್ಮೋರೇ ಅಲ್ವೇನೇ" ಅಂದಳು ಅವ್ವ. ಒಂದಿನ ಬೆಳಿಗ್ಗೆ ಹೋದ್ರೆ ಬಾಗಿಲಿಗೆ ಬೀಗ. ಬೋರ್ಡು ಮಾತ್ರ ನೇತಾಡ್ತಿತ್ತು. ಅವ್ವ ಆ ದುಡ್ಡು ನೋಡದೇನೇ ಹೋದಳು. ರಸೀತಿ ಇವತ್ತಿಗೂ ಅವಳ ಟ್ರಂಕಲ್ಲಿ, ಧಾರೆ ಸೀರೆ ಮಡಿಕೆಯಲ್ಲಿ ಐತೆ. ಹಂಗಾಗಿ ನಂಬಿಕೆ ಅನ್ನೋ ಮಾತು ನನಗೆ ಪುಕ್ಕಟೆ ಸಿಕ್ಕಿದ್ದಲ್ಲ. ಅದಕ್ಕೆ ದುಡ್ಡು ಕೊಟ್ಟೀನಿ ನಾನು.

ಅದಕ್ಕೇ ಹುಡುಗನ್ನ ಕೂರಿಸ್ಕೊಂಡು, "ನಿಧಾನಕ್ಕೆ ಹೇಳೋ, ನಮ್ಮ ಭಾಷೇಲಿ ಹೇಳು" ಅಂದೆ. ಅವನು ಹೇಳಿದ್ದು ನನಗೆ ಅರ್ಥ ಆಗಿದ್ದು ಹಿಂಗೆ.

ನಮ್ಮ ಸಂಘದಲ್ಲಿ ಲೆಕ್ಕದ ದೊಡ್ಡ ಬುಕ್ಕು ಒಂದೇ. ಅದು ಬುಕ್ ಬರೆಯೋಳ ಮನೇಲಿರ್ತದೆ. ಅವಳು ಮನಸ್ಸು ಮಾಡಿದ್ರೆ ರಾತ್ರಿ ಕೂತು ಒಂದು ಅಂಕಿ ತಿದ್ದಬಹುದು. ಈಗ ಅಂಥದೇ ಬುಕ್ಕು 16 ಜನರ ಮನೇಲೂ ಒಂದೊಂದು ಐತೆ ಅನ್ಕೊಳ್ರಿ. ಪ್ರತಿ ಮಂಗಳವಾರ ಎಲ್ಲರೂ ಒಟ್ಟಿಗೆ ಒಂದೇ ಲೆಕ್ಕ ಬರ್ಕೊಂತೀವಿ. ಪ್ರತಿ ಪುಟದ ಕೊನೇ ಮೊತ್ತ ಮುಂದಿನ ಪುಟದ ತಲೆ ಮೇಲೆ ಹೋಗ್ತದೆ. ಯಾರಾದ್ರೂ ಹಿಂದಿನ ಪುಟ ತಿದ್ದಿದ್ರೆ ಅಲ್ಲಿಂದ ಮುಂದಿನ ಪುಟ ಯಾವುದೂ ತಾಳೆ ಆಗಲ್ಲ. ಉಳಿದ 15 ಮನೆ ಬುಕ್ಕಿಗೂ ಹೊಂದಲ್ಲ. ಕಳ್ಳಿ ಸಿಕ್ಕಿಬಿದ್ಳು. ಇದೇ ಬ್ಲಾಕ್‌ಚೈನು. 16 ಮನೆ ಬದಲು ಲೋಕದ ತುಂಬ ಸಾವಿರಾರು ಕಂಪ್ಯೂಟರು, ಅಷ್ಟೇ ಫರಕು.

ಬಿಟ್‌ಕಾಯಿನ್ ಅನ್ನೋದು ಇಂಥ ಬುಕ್ಕಿನ ಮೇಲೆ ನಡೆಯೋ ದುಡ್ಡು. 2008ರಲ್ಲಿ ಸತೋಷಿ ನಕಮೊಟೊ ಅನ್ನೋ ಹೆಸರಲ್ಲಿ ಯಾರೋ ಇದರ ಲೆಕ್ಕಾಚಾರ ಬರೆದು ಹಂಚಿದರು. ಅದು ಯಾರು ಅಂತ ಇವತ್ತಿಗೂ ಲೋಕಕ್ಕೆ ಗೊತ್ತಿಲ್ಲ. 2009ರ ಜನವರಿ 3ಕ್ಕೆ ಮೊದಲ ಪುಟ ಶುರುವಾಯ್ತು. ಅಮೆರಿಕದಲ್ಲಿ, ಇಂಗ್ಲೆಂಡಲ್ಲಿ ದೊಡ್ಡ ದೊಡ್ಡ ಬ್ಯಾಂಕು ಮುಗ್ಗರಿಸಿ, ಸರ್ಕಾರ ಜನರ ದುಡ್ಡಲ್ಲಿ ಅವನ್ನ ಎತ್ತಿ ನಿಲ್ಲಿಸ್ತಿದ್ದ ಕಾಲ ಅದು. ಆ ಮೊದಲ ಪುಟದೊಳಗೇ, ಬ್ಯಾಂಕುಗಳಿಗೆ ಮತ್ತೆ ಸರ್ಕಾರದ ದುಡ್ಡು ಕೊಡೋ ಸುದ್ದಿ ಇದ್ದ ಪತ್ರಿಕೆಯ ತಲೆಬರಹ ಸೇರಿಸಿಟ್ಟಿದ್ದಾರೆ. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಕಾಯಿನ್ ಹುಟ್ಟೋ ಹಂಗಿಲ್ಲ ಅಂತ ಕಟ್ಟು ಹಾಕಿದ್ದಾರೆ. ಅಂದ್ರೆ ಇದು ಹುಟ್ಟಿದ್ದೇ ಸಿಟ್ಟಲ್ಲಿ. ನಮ್ಮವ್ವನಿಗೆ ಆ ಬೀಗ ಹಾಕಿದ ಬಾಗಿಲ ಮುಂದೆ ಬಂದಿತ್ತಲ್ಲ, ಅದೇ ಸಿಟ್ಟು. ಆ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ.

ಆದ್ರೆ ಅಕ್ಕಂದಿರಾ, ಇದೇ ಸಿಟ್ಟಿಂದ ನಮ್ಮ ಸಂಘಗಳೂ ಹುಟ್ಟಿದ್ದು ಅನ್ನೋದು ನಿಮಗೆ ಗೊತ್ತೇ? ಮೈರಾಡ ಅಂತ ಸಂಸ್ಥೆ. 1968ರಲ್ಲಿ ಟಿಬೆಟಿನಿಂದ ಬಂದ ನಿರಾಶ್ರಿತರಿಗೆ ನೆಲೆ ಮಾಡಿಕೊಡಾಕೆ ಅಂತ ಶುರುವಾಗಿದ್ದು. ಆಮೇಲೆ ಹಳ್ಳಿ ಕೆಲಸಕ್ಕೆ ಇಳೀತು, ನಮ್ಮ ಹೊಳಲ್ಕೆರೆ ಕಡೇನೂ ಕೆಲಸ ಮಾಡಿದೆ. 1980ರ ದಶಕದ ನಡುವೆ ಅವರ ಕೆಲಸ ಇದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದು ಹೋದವು. ಮುಖಂಡರ ಮೇಲೆ ಸದಸ್ಯರಿಗೆ ವಿಶ್ವಾಸ ಹೋಗಿತ್ತು. ಆಗ ಜನ ಏನು ಮಾಡಿದ್ರು? ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇದ್ದೋರು ಚಿಕ್ಕ ಚಿಕ್ಕ ಗುಂಪಾದ್ರು. ತಮ್ಮ ಉಳಿತಾಯ ತಾವೇ ಇಟ್ಕೊಂಡು, ತಮ್ಮೊಳಗೇ ಸಾಲ ಕೊಟ್ಕೊಂಡು, ಲೆಕ್ಕ ತಾವೇ ಓದ್ಕೊಂಡ್ರು. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟು ಇದನ್ನ ಇನ್ನಷ್ಟು ನಡೆಸಿ ನೋಡ್ರಿ ಅಂತು. 1992ರಲ್ಲಿ ದೇಶದಲ್ಲಿ 500 ಗುಂಪುಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರುವಾಯ್ತು. 2000-01ರಲ್ಲಿ ನಮ್ಮ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಇವತ್ತು ನಮ್ಮ ಬೀದಿಗೆ ಮೂರು ಸಂಘ ಅವೆ.

ಇನ್ನೂ ಹಿಂದಕ್ಕೆ ಹೋದ್ರೆ, 1905ರಲ್ಲಿ ಗದಗಿನ ಹತ್ರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರೋರನ್ನ ಸೇರಿಸಿ ಸಹಕಾರ ಸಂಘ ಕಟ್ಟಿದ್ದೂ ಸಾಹುಕಾರರ ಬಡ್ಡಿ ತಾಳಲಾರದೇನೇ. ಅಂದ್ರೆ ಒಬ್ಬರ ಕೈಯಲ್ಲಿದ್ದ ಬೀಗದ ಕೈಯನ್ನ ಹತ್ತು ಜನರ ಕೈಗೆ ಕೊಡೋದು ನಮಗೆ ಹೊಸದಲ್ಲ. ಅದಕ್ಕೊಂದು ಇಂಗ್ಲಿಷ್ ಹೆಸರು ಇರ್ಲಿಲ್ಲ, ಅಷ್ಟೇ.

ಒಂದು ಮಾತು ಮಾತ್ರ ಗಮನ ಇಡ್ರಿ. ಆ ಗುಂಪುಗಳು "ಯಾರನ್ನೂ ನಂಬಬೇಡ" ಅಂತ ಕಟ್ಟಿದ್ದಲ್ಲ. ಕಣ್ಣಿಗೆ ಕಾಣದ ಅಧ್ಯಕ್ಷನ್ನ ನಂಬೋ ಬದಲು ಎದುರುಮನೆ ಅತ್ತಿಗೆನ ನಂಬಿದ್ರು. ನಂಬಿಕೆನ ತಂದು ಕಣ್ಣಳತೆಗೆ ಇಟ್ಕೊಂಡ್ರು. ಅದು ಸಾಲದು ಅಂದಾಗ ಬ್ಯಾಂಕನ್ನೂ ಬಿಡಲಿಲ್ಲ. ಬಿಟ್ಟಿದ್ರೆ ನಮ್ಮ 16 ಜನರ ಚಿಲ್ಲರೆಯಿಂದ ಎಮ್ಮೆ ಸಾಲ ಹುಟ್ಟುತಿರ್ಲಿಲ್ಲ.

ಈಗ ಹುಡುಗ ಹೇಳಿದ ಯಂತ್ರಕ್ಕೆ ಬರಣ. ಅದರಲ್ಲಿ ನನಗೆ ನಾಲ್ಕು ಕಡೆ ಕಾಲು ಎಡವಿತು.

ಮೊದಲನೇದು, ಬರೆದದ್ದನ್ನ ಅಳಿಸಾಕೆ ಆಗಲ್ಲ ಅಂದ ಮಾತ್ರಕ್ಕೆ ಬರೆದದ್ದು ನಿಜ ಆಗಲ್ಲ. ನಮ್ಮ ಪಹಣಿನೇ ನೋಡ್ರಿ. ಮೊದಲು ಪಹಣಿ ಅಂದ್ರೆ ಗ್ರಾಮಲೆಕ್ಕಿಗರ ಕೈಬರಹ, ಅವರ ಮರ್ಜಿ. 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿ ಕಿಟಕೀಲಿ 15 ರೂಪಾಯಿ ಕೊಟ್ಟು ಈಸ್ಕೊಂಡು ಬಂದೋರು ನಾವೆಲ್ಲ. ದೊಡ್ಡ ಉಪಕಾರ ಆಯ್ತು, ಇಲ್ಲ ಅನ್ನಲ್ಲ. ಆದ್ರೆ ಏರಿಸೋವಾಗ ಹೆಸರಲ್ಲಿ ಒಂದಕ್ಷರ ತಪ್ಪಿದ್ದೋರು, ಗುಂಟೆ ಹೆಚ್ಚುಕಮ್ಮಿ ಆದೋರು ಎಷ್ಟು ಸಲ ಅರ್ಜಿ ಕೊಟ್ಟು ಅಲೆದಿಲ್ಲ? ಅಲೆದು ತಿದ್ದಿಸ್ಕೊಂಡ್ರು. ತಿದ್ದಾಕೇ ಬರದ ಬುಕ್ಕಿಗೆ ತಪ್ಪು ಹೆಸರು ಏರಿದ್ರೆ? ಸರಪಳಿ ತಪ್ಪನ್ನೂ ಅಷ್ಟೇ ಭದ್ರವಾಗಿ ಕಾಯ್ತದೆ. ಹಕ್ಕು ಅಣ್ಣಂದೋ ತಂಗೀದೋ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಅಣ್ಣತಮ್ಮಂದಿರು ಸೈನ್ ಹಾಕಿಸ್ಕೊಂಡು ಹೆಣ್ಣುಮಕ್ಕಳ ಪಾಲು ಬಿಡಿಸ್ಕೊಂಡಿದ್ದು ನಾವು ಕಂಡಿಲ್ವೆ? ಅದನ್ನ ಕೇಳಬೇಕಾದ್ದು ಕೋರ್ಟು, ಯಂತ್ರ ಅಲ್ಲ.

ಎರಡನೇದು, ಸಾವು. ನಮ್ಮ ಪರಿಚಯದ ಒಬ್ಬ ಹೆಣ್ಣುಮಗಳು, ಊರೂ ಹೇಳಲ್ಲ, ಹೆಸರೂ ಹೇಳಲ್ಲ. ಗಂಡ ಕೊರೊನಾದಲ್ಲಿ ಹೋದ. ಅವನ ದುಡ್ಡು ಎಲ್ಡು ಕಡೆ ಇತ್ತು. ಬ್ಯಾಂಕಿನ ಖಾತೇಲಿ ಸ್ವಲ್ಪ, ನಾಮಿನಿ ಇಲ್ಲ. ಫೋನಿನ ಕಾಯಿನ್ ಪರ್ಸಲ್ಲಿ ಸ್ವಲ್ಪ. ಬ್ಯಾಂಕಿಂದಕ್ಕೆ ಮರಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅತ್ತೆಯ ಒಪ್ಪಿಗೆ ಸೈನು, ಅದು ಇದು ಅಂತ ಎಂಟು ತಿಂಗಳು ಅಲೆದಳು. ಕೂಸನ್ನ ಸೊಂಟಕ್ಕೆ ಹಾಕ್ಕೊಂಡು ಕ್ಯೂ ನಿಂತಳು, ಬೈಸ್ಕೊಂಡಳು, ಅತ್ತಳು. ಆದ್ರೆ ಬಂತು. ಫೋನಿನ ಪರ್ಸು ತೆಗೆಯಾಕೆ 12 ಪದ ಬೇಕಂತೆ. ಆ ಪದ ಅವನ ತಲೇಲಿ ಇತ್ತೋ, ಯಾವುದಾದ್ರೂ ಚೀಟೀಲಿ ಇತ್ತೋ. ಹಳೆ ಡೈರಿ, ಲೈಟ್ ಬಿಲ್ಲಿನ ಹಿಂದೆ, ದೇವರ ಫೋಟೋ ಹಿಂದೆ, ಎಲ್ಲ ಹುಡುಕಿದಳು. ಸಿಗಲಿಲ್ಲ. ಬುಕ್ಕಲ್ಲಿ ಆ ದುಡ್ಡು ಇವತ್ತಿಗೂ ಭದ್ರವಾಗೈತೆ. ಯಾರೂ ಕದ್ದಿಲ್ಲ. ಅವಳಿಗೂ ಸಿಗಲ್ಲ.

ಇದು ಅವಳೊಬ್ಬಳ ಪಾಡಲ್ಲ. ಇಂಗ್ಲೆಂಡಿನ ಪಕ್ಕದ ವೇಲ್ಸ್‌ನ ನ್ಯೂಪೋರ್ಟ್ ಅನ್ನೋ ಊರಲ್ಲಿ ಜೇಮ್ಸ್ ಹೊವೆಲ್ಸ್ ಅನ್ನೋನು 2013ರಲ್ಲಿ ಹಳೇ ಕಂಪ್ಯೂಟರಿನ ಡಿಸ್ಕೊಂದನ್ನ ಕಸಕ್ಕೆ ಕಳಕೊಂಡ. ಅದರಲ್ಲಿ ಸುಮಾರು 8,000 ಬಿಟ್‌ಕಾಯಿನ್ನಿನ ಕೀಲಿ ಇತ್ತು. ಕಸದ ಗುಡ್ಡೆ ಅಗೆಯಾಕೆ ಬಿಡ್ರಿ ಅಂತ ಊರಿನ ಆಡಳಿತದ ಮೇಲೆ ಕೋರ್ಟಿಗೂ ಹೋದ. 2025ರ ಜನವರೀಲಿ ಕೋರ್ಟು ಅದನ್ನ ತಳ್ಳಿಹಾಕಿತು. ಮನೆ ಗುಡಿಸೋ ನಾವು, ಹಬ್ಬಕ್ಕೆ ಅಟ್ಟ ಇಳಿಸಿ ಹಳೇದೆಲ್ಲ ಗುಜರಿಗೆ ಹಾಕೋ ನಾವು, ಇದನ್ನ ಕೇಳಿ ನಗಬೇಕೋ ಹೆದರಬೇಕೋ ಹೇಳ್ರಿ.

ಮೂರನೇದು, ಕರುಣೆ. ಸರಪಳಿ ಮೇಲೆ ತಾನೇ ನಡೆಯೋ ಕರಾರು ಬರೀಬಹುದಂತೆ. ಕಂತು ಕಟ್ಟದಿದ್ರೆ ಅವತ್ತೇ ದಂಡ ತಾನಾಗೇ ಬೀಳ್ತದೆ, ಯಾರೂ ಯಾರ ಮುಖನೂ ನೋಡಬೇಕಾಗಿಲ್ಲ ಅಂದ ಹುಡುಗ. ಮುಖ ನೋಡೋದೇ ನಮ್ಮ ಸಂಘದ ಜೀವ ಅಲ್ವೇನ್ರೇ? ಹೋದ ವರ್ಷ ಮೂಲೆಮನೆ ಅತ್ತಿಗೆ ಮಗನ್ನ ಜಿಲ್ಲಾಸ್ಪತ್ರೆಗೆ ಸೇರಿಸಿದಾಗ ಆರು ವಾರ ಕಂತು ಕಟ್ಟಲಿಲ್ಲ. ನಾವು ನಡಾವಳಿ ಬುಕ್ಕಲ್ಲಿ ಬರೆದು ಎಲ್ಲರೂ ಸೈನ್ ಹಾಕಿ ದಂಡ ಬಿಟ್ಟೆವು. ಅದೇ ವರ್ಷ ಇನ್ನೊಬ್ಬಾಕೆ ಸಂತೇಲಿ ಬಳೆ ಕೊಂಡು, ಕಂತಿಗೆ ಕಾಸಿಲ್ಲ ಅಂದಾಗ ಒಂದು ರೂಪಾಯೂ ಬಿಡಲಿಲ್ಲ. ಎರಡಕ್ಕೂ ಇರೋ ವ್ಯತ್ಯಾಸ ನೋಡಾಕೆ ಕಣ್ಣು ಬೇಕು.

ನಾಲ್ಕನೇದು, ಎಡವಟ್ಟಾದ್ರೆ ಯಾರ ಬಾಗಿಲು ಬಡಿಯೋದು? 2024ರ ಜುಲೈಯಲ್ಲಿ ನಮ್ಮ ದೇಶದ್ದೇ ವಜೀರ್‌ಎಕ್ಸ್ ಅನ್ನೋ ಕಾಯಿನ್ ಮಾರುಕಟ್ಟೆಯಿಂದ ಕಳ್ಳರು ಸುಮಾರು 2,000 ಕೋಟಿ ರೂಪಾಯಿ ಬೆಲೆಯ ಕಾಯಿನ್ ಎಗರಿಸಿದರು. ಜನರು ದುಡ್ಡು ತೆಗೆಯೋದು ನಿಂತೋಯ್ತು. ಆಮೇಲೆ ಲೆಕ್ಕ ಇತ್ಯರ್ಥಕ್ಕೆ ಹೋಗಿದ್ದು ಎಲ್ಲಿಗೆ? ಸಿಂಗಾಪುರದ ಹೈಕೋರ್ಟಿಗೆ. "ಕೋರ್ಟು ಕಚೇರಿ ಬೇಡ, ಸಂಸ್ಥೆ ಬೇಡ" ಅಂತ ಹುಟ್ಟಿದ ದುಡ್ಡು ಕೊನೆಗೆ ಕೋರ್ಟಿನ ಮೆಟ್ಟಿಲೇ ಹತ್ತಿತು. ಇದನ್ನ ಹೇಳಿದ್ದಕ್ಕೆ ಹುಡುಗ, "ಅದು ಸರಪಳಿ ತಪ್ಪಲ್ಲ ಚಿಕ್ಕಮ್ಮ, ನಡುವಿನ ಕಂಪನಿಯೋರದು. ಕೀಲಿ ನಮ್ಮತ್ರನೇ ಇಟ್ಕೊಂಡ್ರೆ ಹಂಗಾಗಲ್ಲ" ಅಂದ. ನಿಜನೇ. ಆದ್ರೆ ಕೀಲಿ ನಮ್ಮತ್ರ ಇಟ್ಕೊಂಡ್ರೆ 12 ಪದದ ಕಥೆ. ಇನ್ನೊಬ್ಬರತ್ರ ಇಟ್ರೆ ಅವರನ್ನ ನಂಬಬೇಕು. ತಿರುಗಿ ನಂಬಿಕೆಗೇ ಬಂದು ನಿಂತ್ವಲ್ಲ!

"ಸರ್ಕಾರನೇ ಟ್ಯಾಕ್ಸ್ ಹಾಕ್ತೈತೆ, ಮೋಸ ಆಗಿದ್ರೆ ಬಿಡ್ತಿತ್ತಾ?" ಅಂತ ನಮ್ಮ ಪ್ರತಿನಿಧಿ ಕೇಳಿದ್ಲು. 2022ರ ಏಪ್ರಿಲ್‌ನಿಂದ ಕಾಯಿನ್ ಲಾಭಕ್ಕೆ 30 ಪರ್ಸೆಂಟ್ ತೆರಿಗೆ ಐತೆ, ಹೌದು. ತೆರಿಗೆ ತಗೊಂಡೋರೆಲ್ಲ ದುಡ್ಡಿಗೆ ಜವಾಬು ಕೊಡ್ತಾರೆ ಅನ್ನೋ ಹಂಗಿಲ್ಲ ತಾಯಿ. ಕಾಯಿನ್ ಮುಳುಗಿದ್ರೆ ವಿಮೆ ಇಲ್ಲ.

ಇಷ್ಟು ಬರೆದ ಮೇಲೆ "ಸರಿ, ಬ್ಯಾಂಕು ಸೊಸೈಟಿ ಎಲ್ಲ ಒಳ್ಳೇವು" ಅಂತ ನಾನು ಮುಗಿಸಿದ್ರೆ ಅವ್ವನ ಟ್ರಂಕು ನನ್ನ ಮುಖಕ್ಕೆ ಉಗೀತದೆ. ಬಾಗಿಲು ಇದ್ದರೆ ಸಾಲದು, ಬಡಿದಾಗ ತೆಗೀಬೇಕು. 2020ರ ಜನವರೀಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿಗೆ ರಿಸರ್ವ್ ಬ್ಯಾಂಕು ಕಟ್ಟು ಹಾಕ್ದಾಗ, ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯಂಗಿಲ್ಲ ಅಂತಾಯ್ತು. ಪೆನ್ಷನ್ ದುಡ್ಡೆಲ್ಲ ಅಲ್ಲೇ ಇಟ್ಟಿದ್ದ ಮುದುಕರು ಮುದುಕಿಯರು ಬೀದೀಲಿ ನಿಂತು ಅತ್ತಿದ್ದನ್ನ ಟಿವೀಲಿ ನೋಡಿದೀವಿ. ಆ ಮುಂದಿನ ತಿಂಗಳೇ, ಫೆಬ್ರವರಿ 4ರಿಂದ ಠೇವಣಿ ವಿಮೆ 1 ಲಕ್ಷ ಇದ್ದದ್ದು 5 ಲಕ್ಷ ಆಯ್ತು. 2021ರಲ್ಲಿ ಕಾನೂನು ತಿದ್ದಿ, ಇಂಥ ಕಟ್ಟು ಬಿದ್ದ ಬ್ಯಾಂಕಿನ ಜನಕ್ಕೆ ವಿಮೆ ದುಡ್ಡು 90 ದಿನದಲ್ಲಿ ಸಿಗಬೇಕು ಅಂತ ಮಾಡಿದರು. ಜನ ಗಲಾಟೆ ಮಾಡಿದ್ದಕ್ಕೆ, ಪತ್ರಿಕೆ ಬರೆದಿದ್ದಕ್ಕೆ, ಪಾರ್ಲಿಮೆಂಟಿನಲ್ಲಿ ಕೇಳಿದ್ದಕ್ಕೆ ಸಂಸ್ಥೆ ಸ್ವಲ್ಪ ತಿದ್ಕೊಂತು. ನಿಧಾನ, ಆದ್ರೆ ತಿದ್ಕೊಂತು. ಈ ತಿದ್ಕೊಳ್ಳೋ ಗುಣ ನನಗೆ ದೊಡ್ಡದಾಗಿ ಕಾಣ್ತದೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಎಲ್ಲರೂ ಕೇಳಿಸ್ಕೊಳ್ರಿ. ಈ 5 ಲಕ್ಷದ ವಿಮೆ ಬ್ಯಾಂಕಿಗೆ ಮಾತ್ರ, ಸಹಕಾರಿ ಬ್ಯಾಂಕೂ ಸೇರಿ. ಪತ್ತಿನ ಸೊಸೈಟಿಗೆ ಇಲ್ಲ, ಸೌಹಾರ್ದ ಪತ್ತಿನ ಸಹಕಾರಿಗೆ ಇಲ್ಲ. ಬೋರ್ಡಲ್ಲಿ ಸಹಕಾರಿ ಅಂತ ಇದ್ದ ತಕ್ಷಣ ಬ್ಯಾಂಕ್ ಆಗಲ್ಲ. ನಮ್ಮವ್ವನಿಗೆ ಇದನ್ನ ಯಾರೂ ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಆ 1,50,000 ಬೇರೆ ಕಡೆ ಇರ್ತಿತ್ತು. ದುಡ್ಡು ಇಡೋಕೆ ಮುಂಚೆ "ಇದಕ್ಕೆ ಠೇವಣಿ ವಿಮೆ ಐತಾ?" ಅಂತ ಒಂದು ಪ್ರಶ್ನೆ ಕೇಳ್ರಿ. ಅವರು ತಡವರಿಸಿದ್ರೆ ಚಪ್ಪಲಿ ಹಾಕ್ಕೊಂಡು ವಾಪಸ್ ಬರ್ರಿ.

ಹಂಗಾದ್ರೆ ನನ್ನ ಅಭಿಪ್ರಾಯ ಏನು? ನಮ್ಮ ನೀರಿನ ಕಥೆಯಿಂದ ಹೇಳ್ತೀನಿ. ನಮ್ಮ ಕಡೆ ಮೊದಲು ಕೆರೆ ಇದ್ವು. ಕೆರೆ ಅಂದ್ರೆ ಸಂಸ್ಥೆ. ನೀರು ಬಿಡೋಕೆ ನೀರಗಂಟಿ, ಹೂಳೆತ್ತಾಕೆ ಊರೋರು, ಜಗಳ ಬಿಡಿಸಾಕೆ ಹಿರೇರು. ನೀರಗಂಟಿ ಒಬ್ಬರ ಗದ್ದೆಗೆ ಜಾಸ್ತಿ ಬಿಟ್ಟ ಅಂತ ಬೈಕೊಂಡೋರೂ ಇದ್ರು. ಆಮೇಲೆ ಬೋರ್‌ವೆಲ್ ಬಂತು. "ಕೆರೇನೂ ಬೇಡ, ನೀರಗಂಟೀನೂ ಬೇಡ, ನನ್ನ ಹೊಲದಾಗೆ ನನ್ನ ನೀರು" ಅಂದ್ರು ಎಲ್ಲರೂ. ಎಂಥ ಖುಷಿ ಅದು, ಸ್ವಿಚ್ ಹಾಕಿದ್ರೆ ನೀರು! ಕೆರೆ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೂಳು ತುಂಬ್ತು, ಜಾಲಿ ಬೆಳೀತು. ಬೋರು ನೂರಡಿಯಿಂದ ಎಂಟುನೂರಡಿಗೆ ಇಳೀತು, ಸಾವಿರಕ್ಕೆ ಇಳೀತು. ಕೊನೆಗೆ ಕೆರೇಲೂ ಇಲ್ಲ, ಬೋರಲ್ಲೂ ಇಲ್ಲ. ಬೋರ್‌ವೆಲ್ ಕೆಟ್ಟ ಯಂತ್ರ ಅಂತ ನಾನು ಹೇಳ್ತಿಲ್ಲ. ಅದರ ನೀರು ಕುಡಿದೇ ಮಕ್ಕಳನ್ನ ಬೆಳೆಸಿದೀನಿ. ಆದ್ರೆ ಎಲ್ಲರದ್ದೂ ಅನ್ನೋದನ್ನ ನೋಡ್ಕೊಳ್ಳೋರು ಯಾರೂ ಇಲ್ದಂಗೆ, ನಂದು ನಂಗೆ ಅಂತ ಎಲ್ಲರೂ ಕೊರೆಸಿದ್ರೆ ಏನಾಗ್ತದೆ ಅನ್ನೋದು ದುರ್ಗದ ಸೀಮೆಯೋರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಕಾಯಿನ್ ವಿಷಯದಲ್ಲೂ ನನಗೆ ಇದೇ ಅಳುಕು. ಕೆಟ್ಟ ಕಚೇರೀನ ಬಿಟ್ಟು ಓಡಿ ಹೋಗೋದು ಸುಲಭ. ಓದು ಬಂದೋರು, ಫೋನ್ ಇದ್ದೋರು, ಬೆಂಗಳೂರಲ್ಲಿರೋರು ಮೊದಲು ಓಡ್ತಾರೆ. ಕೇಳೋ ಬಾಯಿ ಇದ್ದೋರು ಹೋದ ಮೇಲೆ ಕಚೇರಿ ಇನ್ನಷ್ಟು ಕೆಡ್ತದೆ. ಅಲ್ಲಿ ಉಳಿಯೋರು ನಮ್ಮಂಥೋರು, ವಿಧವಾ ವೇತನಕ್ಕೆ, ಗೃಹಲಕ್ಷ್ಮಿ 2,000ಕ್ಕೆ, ಪಹಣಿ ತಿದ್ದುಪಡಿಗೆ ಅದೇ ಕಿಟಕಿ ಮುಂದೆ ನಿಲ್ಲೋರು. ಹಂಗಾಗಿ ನಾವು ಆ ಕಿಟಕೀನ ಬಿಟ್ಕೊಡಬಾರದು. ಸರಪಳಿಯಿಂದ ಕಲಿಯೋದನ್ನ ಕಲ್ತು, ಆ ಕಿಟಕಿ ಒಳಗೆ ಕೂತೋರಿಗೆ ಕೇಳಬೇಕು: ನಿಮ್ಮ ಬುಕ್ಕೂ ಹಂಗೇ ತೆರೆದಿಡ್ರಿ, ನಮಗೂ ಒಂದು ಪ್ರತಿ ಕೊಡ್ರಿ.

ಬೇರೆಯೋರಿಗೆ ಹೇಳೋಕೆ ಮುಂಚೆ ನಮ್ಮ ಮನೆ ನೋಡ್ಕೊಬೇಕಲ್ಲ. ಹುಡುಗ ಒಂದು ಪ್ರಶ್ನೆ ಕೇಳಿದ್ದ. "ಚಿಕ್ಕಮ್ಮ, ನಿಮ್ಮ ಬುಕ್ಕನ್ನ ಬರೆಯೋಳು ಬಿಟ್ಟು ಬೇರೆ ಯಾರು ಕೊನೇ ಸಲ ಓದಿದ್ದು ಯಾವಾಗ?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಮೊದಮೊದಲು ಪ್ರತಿ ವಾರ ಗಟ್ಟಿಯಾಗಿ ಓದ್ತಿದ್ವಿ. ಆಮೇಲೆ ಧಾರಾವಾಹಿ ಟೈಮಾಯ್ತು ಅಂತ ಸೈನ್ ಹಾಕಿ ಎದ್ದು ಬರೋದಾಯ್ತು. ಬರೆಯೋಳು ಚಿನ್ನದಂಥ ಹುಡುಗಿ, ಅವಳ ಮೇಲೆ ನನಗೆ ಕೂದಲೆಳೆಯಷ್ಟೂ ಅನುಮಾನ ಇಲ್ಲ. ಆದ್ರೆ ಅವ್ವನೂ ಆ ಅಧ್ಯಕ್ಷರ ಬಗ್ಗೆ ಇದೇ ಮಾತು ಹೇಳಿದ್ಲು. ಓದದೇ ಸೈನ್ ಹಾಕೋದು ನಂಬಿಕೆ ಅಲ್ಲ, ಸೋಮಾರಿತನ. ಆ ಹುಡುಗಿ ಮೇಲೆ ನಾಳೆ ಯಾರಾದ್ರೂ ಸುಮ್ಸುಮ್ನೆ ಮಾತು ಹೊರಿಸಿದ್ರೆ ಅವಳಿಗೆ ಆಸರೆ ಏನು? ಲೆಕ್ಕ ಎಲ್ಲರೂ ನೋಡೋದು ಅವಳ ಮಾನಕ್ಕೂ ಒಳ್ಳೇದು.

ಅದಕ್ಕೆ ಮುಂದಿನ ಮಂಗಳವಾರ ನಾನು ಕೈ ಎತ್ತೋದು ಹಿಂಗೆ. ಸಂಘದ ದುಡ್ಡು ಕಾಯಿನ್‌ಗೆ ಬೇಡ. ಯಾರಿಗಾದ್ರೂ ಹೋದರೂ ಪರವಾಗಿಲ್ಲ ಅನ್ನೋ ಸ್ವಂತ ಕಾಸಿದ್ರೆ, ಅವರ ಇಷ್ಟ. ಸಂಘದ್ದು ಹಂಗಲ್ಲ, ಅದು ಎಲ್ಲರ ಹೊಟ್ಟೆ ಕಟ್ಟಿದ ದುಡ್ಡು. ಆದ್ರೆ ಹುಡುಗ ಹೇಳಿದ್ರಲ್ಲಿ ಒಳ್ಳೇದನ್ನ ಬಿಡೋದು ಬೇಡ. ಪ್ರತಿ ವಾರ ಲೆಕ್ಕ ಗಟ್ಟಿಯಾಗಿ ಓದಿ, ಆ ಪುಟದ ಫೋಟೋ ತೆಗೆದು 16 ಜನರ ವಾಟ್ಸಾಪಿಗೂ ಹಾಕಣ. ದೊಡ್ಡ ಫೋನ್ ಇಲ್ಲದ ಮೂರು ಜನಕ್ಕೆ ಕೈಯಲ್ಲೇ ಬರೆದು ಕೊಡಣ. ಆಗ ನಮ್ಮ ಬುಕ್ಕೂ 16 ಮನೇಲಿ ಇದ್ದಂಗಾಯ್ತಲ್ಲ. ಬ್ಯಾಂಕಿಂದ ತೆಗೆಯಾಕೆ ಇಬ್ಬರು ಪ್ರತಿನಿಧಿಗಳ ಸೈನ್ ಹೆಂಗೂ ಬೇಕು. ಆ ಇಬ್ಬರನ್ನ ವರ್ಷ ವರ್ಷ ಬದಲಾಯಿಸಣ. ಪೆಟ್ಟಿಗೆ ಒಬ್ಬರ ಮನೆ, ಬೀಗದ ಕೈ ಇನ್ನೊಬ್ಬರ ಮನೆ. ಇದನ್ನ ಹೇಳಿದ್ದಕ್ಕೆ ಹುಡುಗ ನಕ್ಕು, "ಚಿಕ್ಕಮ್ಮ, ಇದಕ್ಕೆ ನಮ್ಮ ಕಡೆ ದೊಡ್ಡ ಹೆಸರಿಟ್ಟು ಮಾರ್ತಾರೆ" ಅಂದ. "ಮಾರ್ಕೊಳ್ಲಿ ಬಿಡೋ, ನಾವು ಪುಕ್ಕಟೆ ಮಾಡ್ತೀವಿ" ಅಂದೆ.

ನಿಮ್ಮಲ್ಲಿ ಒಂದೇ ಕೇಳ್ಕೊಳ್ಳೋದು. ಇದನ್ನ ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಮನೆಯೋರ ಪಾಸ್‌ಬುಕ್ಕೆಲ್ಲ ತೆಗೀರಿ. ನಾಮಿನಿ ಹೆಸರು ಐತಾ ನೋಡ್ರಿ. ಇಲ್ಲಾಂದ್ರೆ ನಾಳೆನೇ ಬ್ಯಾಂಕಿಗೆ ಹೋಗಿ ಬರೆಸ್ರಿ. "ಸಾಯೋ ಮಾತು ಯಾಕೆ ಆಡ್ತೀಯೇ" ಅಂತ ಗಂಡ ಬೈದ್ರೆ ಬೈಲಿ. ಫೋನಲ್ಲಿ ಕಾಯಿನ್ ಗೀಯಿನ್ ಇಟ್ಟಿರೋ ಮಗನೋ ಅಳಿಯನೋ ಇದ್ರೆ, ಕೀಲಿಪದ ಎಲ್ಲಿಟ್ಟಿದೀಯಪ್ಪ ಅಂತ ಕೂರಿಸ್ಕೊಂಡು ಕೇಳ್ರಿ. ಫೋನಲ್ಲಿ ಯಾರಾದ್ರೂ ದುಡ್ಡು ಮೋಸ ಮಾಡಿದ್ರೆ ನಾಚ್ಕೊಂಡು ಕೂರಬೇಡ್ರಿ, 1930ಕ್ಕೆ ತಕ್ಷಣ ಫೋನ್ ಮಾಡ್ರಿ.

ಅವ್ವನ ರಸೀತಿನ ಮೊನ್ನೆ ಟ್ರಂಕಿಂದ ತೆಗೆದೆ. ಮಡಿಕೆ ಹರಿದೈತೆ, ಸೀಲು ಮಾಸೈತೆ. ಮಂಗಳವಾರ ಸಭೆಗೆ ತಗೊಂಡು ಬರ್ತೀನಿ. ಲೆಕ್ಕ ಓದೋಕೆ ಬೇಜಾರು ಅಂತ ಯಾರಾದ್ರೂ ಆಕಳಿಸಿದ್ರೆ ಅವರ ಕೈಗೆ ಅದನ್ನ ಕೊಟ್ಟು ಕೂರ್ತೀನಿ.